ಪಂಜದಿಂದ ಬಂದ ಹಂಡೆ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಹಂಡೆ ಬಂದದ್ದು ಪಿಕಪ್ಪಿನಲ್ಲೋ ಜೀಪಿನಲ್ಲೋ, ಅತ್ತೆ ಆ ಮಾತು ಹೇಳಿದಾಗ ಅಮ್ಮ ಅಂಗಳದಲ್ಲಿದ್ದಳೋ ಆಗಲೇ ಒಳಗೆ ಹೋಗಿದ್ದಳೋ, ಖಚಿತವಿಲ್ಲ. ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ದಿನದ ಪುಟದಲ್ಲಿರುವುದು ಮುಂಗುಸಿ ಕೋಳಿ ಹಿಡಿದ ಸಂಗತಿ ಮಾತ್ರ. ಇನ್ನೊಂದು ತೊಡಕೂ ಇದೆ. ನಮ್ಮ ಮನೆಯ ಮಾತು ಅರೆಭಾಷೆ. ಅದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಯಾರ ದನಿ ಎಷ್ಟು ಬದಲಾಯಿತೋ ಹೇಳಲಾರೆ.

ಪುತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು ಸೀಮಂತ ಮುಗಿದ ಮೇಲೆ ಕಾಣಿಯೂರಿನ ತವರಿಗೆ ಬಂದೆ. ಚೊಚ್ಚಲ ಹೆರಿಗೆಯ ಬಾಣಂತನ ತವರಿನದು, ಖರ್ಚೂ ತವರಿನದೇ. ಎರಡನೆಯದರಿಂದ ಗಂಡನ ಮನೆಯವರು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಸ್ಪತ್ರೆಯ ಬಿಲ್ಲನ್ನಾದರೂ ತಾನು ಕೊಡುತ್ತೇನೆಂದು ನನ್ನ ಗಂಡ ಹೇಳಿದಾಗ ಅಮ್ಮ ಅವರ ಮುಂದೆ ಇನ್ನೊಂದು ಲೋಟ ಚಾ ಇಟ್ಟು ಮಾತು ಮುಗಿಸಿದಳು.

ಅಪ್ಪ ತೀರಿಕೊಂಡ ಮೇಲೆ ಕೈ ಬಿಗಿ ಹಿಡಿದೇ ಬದುಕಿದವಳು ಅಮ್ಮ. ಆ ತಿಂಗಳುಗಳಲ್ಲಿ ಮಾತ್ರ ಅವಳು ಖರ್ಚು ಮಾಡಿದ ರೀತಿ ನೋಡಿ ನನಗೆ ದಿಗಿಲಾಗುತ್ತಿತ್ತು. ಲೇಹ್ಯಕ್ಕೆ ಬೇಕಾದ ಬೇರು ನಾರು, ಓಲೆ ಬೆಲ್ಲ, ಒಳ್ಳೆಮೆಣಸು, ಬೆಳ್ಳುಳ್ಳಿ, ತುಪ್ಪ. ನನಗೆ ಎರಡು ಹೊಸ ಕಂಬಳಿ. ಮೀಯಿಸಲು ಬರುವ ಹೆಂಗಸಿಗೆ ಮುಂಗಡ. ಗೀಸರ್ ಇದ್ದ ಬಚ್ಚಲಿನಲ್ಲಿ ಮೇಸ್ತ್ರಿಯನ್ನು ಕರೆಸಿ ಹೊಸದಾಗಿ ಒಲೆ ಕಟ್ಟಿಸಿದಳು; ಬಾಣಂತಿಗೆ ಕಟ್ಟಿಗೆಯಲ್ಲಿ ಕಾದ ನೀರೇ ಆಗಬೇಕು. ಬಾಣಂತನದ ಸಾರಿಗೆಂದು ಊರ ಕೋಳಿಯ ಮರಿಗಳನ್ನು ಮೊದಲೇ ಸಾಕತೊಡಗಿದ್ದಳು. ಅವುಗಳ ಮೇಲೆಯೇ ಮುಂಗುಸಿಯ ಕಣ್ಣು.

ಇಷ್ಟೆಲ್ಲ ನನಗೆ. ಮಗುವಿಗೆಂದು ಒಂದು ತುಂಡು ಬಟ್ಟೆಯೂ ಮನೆಯೊಳಗೆ ಬರಲಿಲ್ಲ.

ಹುಟ್ಟುವ ಮೊದಲು ಮಗುವಿಗೆ ಹೊಸತು ತರಬಾರದು ಎನ್ನುವವರು ಬೇರೆಯವರೂ ಇದ್ದಾರೆ. ಆದರೆ ಅವರು ಹಳೆಯ ಪಂಚೆ ಹರಿದು ಮಡಚಿಟ್ಟುಕೊಳ್ಳುತ್ತಾರೆ, ನೆಂಟರ ಮನೆಯಿಂದ ತೊಟ್ಟಿಲು ಕೇಳಿಡುತ್ತಾರೆ. ಅಮ್ಮ ಅದನ್ನೂ ಮಾಡಲಿಲ್ಲ. ನನ್ನ ಗಂಡ ಆನ್‌ಲೈನಿನಲ್ಲಿ ತರಿಸಿದ ತೊಟ್ಟಿಲಿನ ಪಾರ್ಸೆಲ್ ಬಂದಾಗ ಅದನ್ನು ರಸ್ತೆ ಬದಿಯ ಅಂಗಡಿಯಲ್ಲೇ ಇಡಿಸಿದಳು. ನಾನು ಸಿಟ್ಟಿನಿಂದ ಕಾರಣ ಕೇಳಿದೆ.

"ಬರುವವರು ಬಂದ ಮೇಲೆ ತರುದು" ಎಂದಳು, ಅಷ್ಟೆ. ನನ್ನ ಮುಖ ನೋಡಲಿಲ್ಲ. ಅಥವಾ ನೋಡಲಿಲ್ಲ ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡೆನೇನೋ.

ಹೊಸ ಒಲೆಗೆ ಹಂಡೆ ಬೇಕಿತ್ತು. ಪಂಜದಲ್ಲಿ, ಅಮ್ಮನ ತವರಿನ ಅಟ್ಟದಲ್ಲಿ, ಒಂದು ತಾಮ್ರದ ಹಂಡೆ ಇದೆಯೆಂದು ನನಗೆ ಗೊತ್ತಿತ್ತು. ಅಮ್ಮ ಹೊಸದು ಕೊಳ್ಳುತ್ತೇನೆಂದಳು. ದುಂದು ಯಾಕೆಂದು ನಾನೇ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಎಂದರೆ ಅಮ್ಮನ ಅಣ್ಣನ ಹೆಂಡತಿ. ಈಗ ಆ ಮನೆಯ ಹಿರಿಯಳು, ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ. ನಾಲ್ಕೈದು ದಿನದಲ್ಲಿ ಹಂಡೆಯನ್ನು ಹುಳಿ ಹಾಕಿ ಫಳಫಳ ತಿಕ್ಕಿಸಿ ಗಾಡಿಗೆ ಹಾಕಿಸಿಕೊಂಡು ತಾನೇ ಬಂದಳು. ಬಂದವಳಿಗೆ ಮೊದಲು ಸಿಕ್ಕಿದ್ದು ಪಾರ್ಸೆಲಿನ ಕತೆ.

"ಹುಟ್ಟುವ ಮೊದಲೇ ಮಗುವಿಗೆ ಪಾರ್ಸೆಲ್ ಬರುದಾ ಮಾರಾಯ್ತಿ? ವಿಳಾಸ ಎಂತ ಕೊಟ್ಟದ್ದು, ಹೊಟ್ಟೆಯದ್ದಾ?"

ಎಲ್ಲರೂ ನಕ್ಕೆವು. ಅದೇ ನಗೆಯಲ್ಲಿ ಅತ್ತೆ ಹಂಡೆಯ ಹೊಟ್ಟೆ ತಟ್ಟಿ ಹೇಳಿದಳು: "ನಿನ್ನ ಅಮ್ಮನ ಬಾಣಂತನಕ್ಕೆಂದು ಅಜ್ಜ ಸುಳ್ಯದಿಂದ ತಂದದ್ದು ಇದು. ನಾನು ಮದುವೆಯಾಗಿ ಬಂದ ಹೊಸತು. ಪಂಜದ ಬಚ್ಚಲಿನಲ್ಲಿ ಇದರಲ್ಲಿ ನೀರು ಕಾಯಿಸಿದ್ದು ನಾನೇ."

ಒಳಗಿನಿಂದ ಅಮ್ಮ ಅತ್ತೆಯನ್ನು ಊಟಕ್ಕೆ ಕರೆದಳು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ನಾನು ಅಂಗಳದಲ್ಲೇ ಕುಳಿತೆ. ನಾನು ಹುಟ್ಟಿದಾಗ ಅಮ್ಮನ ಬಾಣಂತನ ಆದದ್ದು ಪಂಜದಲ್ಲಲ್ಲ. ನನ್ನನ್ನು ಕಡಬದ ಆಸ್ಪತ್ರೆಯಿಂದ ನೇರವಾಗಿ ಕಾಣಿಯೂರಿನ ಈ ಮನೆಗೇ, ಎಂದರೆ ಅಪ್ಪನ ಮನೆಗೇ ತಂದದ್ದು. ಅಪ್ಪನ ತಾಯಿ ನನ್ನನ್ನು ಮೀಯಿಸಿದ ಕತೆ ನೂರು ಸಲ ಕೇಳಿದ್ದೇನೆ. ಒಬ್ಬಳೇ ಮಗಳು ನಾನು. ಚೊಚ್ಚಲ ಹೆರಿಗೆಗೆ ಅಮ್ಮನನ್ನು ತವರಿಗೆ ಯಾಕೆ ಕರೆದೊಯ್ಯಲಿಲ್ಲ ಎಂದು ಅಷ್ಟು ವರ್ಷ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪಂಜದ ಅಜ್ಜಿಗೆ ಆಗ ಸೌಖ್ಯವಿರಲಿಲ್ಲ ಎಂಬ ವಿವರಣೆ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಯಾರು ಹೇಳಿದ್ದು ಎಂದು ಹುಡುಕಿದರೆ ಯಾರ ಮುಖವೂ ನೆನಪಾಗಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಆಧಾರವೇನು ಎಂದು ಕೇಳುವವಳು ನಾನು. ಈ ಕಾರಣವನ್ನು ಪ್ರಾಯಶಃ ನಾನೇ ಮಾಡಿಕೊಂಡಿದ್ದೆ.

ಬೇರೆ ದಾರಿಗಳನ್ನೂ ಹುಡುಕಿದೆ. ನನ್ನನ್ನು ಎತ್ತಿಕೊಂಡು ಅಮ್ಮ ಆಮೇಲೆ ಕೆಲವು ವಾರ ಪಂಜದಲ್ಲಿದ್ದಿರಬಹುದು. ಅತ್ತೆಗೆ ವಯಸ್ಸಾಗಿದೆ, ಬೇರೆ ಯಾರದೋ ಬಾಣಂತನವನ್ನು ಅಮ್ಮನದಕ್ಕೆ ಸೇರಿಸಿರಬಹುದು. ಆದರೆ ಅತ್ತೆ ಮದುವೆಯಾಗಿ ಬಂದದ್ದು ನಾನು ಹುಟ್ಟುವುದಕ್ಕಿಂತ ಸಾಕಷ್ಟು ಹಿಂದೆ. ಅವಳ ದೊಡ್ಡ ಮಗನೇ ನನಗಿಂತ ಹಿರಿಯ. ಎರಡು ದಿನ ಬಿಟ್ಟು ಫೋನಿನಲ್ಲಿ ವಿಚಾರಿಸಿದೆ. ಅತ್ತೆ ಹಂಡೆಗೆ ಹುಳಿ ಹಾಕಿಯೇ ತೊಳೆಯಬೇಕೆಂದಳು, ಕಟ್ಟಿಗೆ ಒಣಗಿದ್ದು ಉಂಟಾ ಎಂದು ಕೇಳಿದಳು. ಯಾವ ಮಾತಿಗೂ ನಿಲ್ಲುವ ಅತ್ತೆ ಅಂದು ಫೋನ್ ಬೇಗ ಇಟ್ಟಳು.

ಆಮೇಲೆ ಮನೆಯಲ್ಲಿ ಇನ್ನೊಬ್ಬರು ಓಡಾಡುತ್ತಿದ್ದಾರೆ ಎನಿಸತೊಡಗಿತು. ದೆವ್ವ ಪಿಶಾಚಿಯ ಮಾತಲ್ಲ. ಅಮ್ಮ ನನ್ನ ಹೊಟ್ಟೆಯ ಕಡೆ ನೋಡಿ ಏನಾದರೂ ಹೇಳಲು ಬಾಯಿ ತೆರೆದು, ಹೇಳದೆ ಅಡುಗೆಮನೆಗೆ ಹೋದಾಗ, ಅವಳ ಹಿಂದೆ ಯಾರೋ ಹೋದ ಹಾಗೆ. ಬಿಸಿಲಿಗಿಟ್ಟ ಕಂಬಳಿ ಮಗುಚುವಾಗ ಅವಳ ತುಟಿ ಅಲುಗಿದ ಹಾಗೆ. ಬಸುರಿಯ ಮನಸ್ಸು ಏನನ್ನಾದರೂ ಕಾಣುತ್ತದೆ ಎಂದು ನನ್ನನ್ನು ನಾನೇ ಗದರಿಸಿಕೊಂಡೆ. ನಾನು ಹೊತ್ತ ಮಗುವಿನ ಬಗ್ಗೆ ಅವಳಿಗಿದ್ದ ಭಯ ಎಷ್ಟು ಹಳೆಯದು ಎಂಬುದು ತಿಳಿದರೆ ಸಾಕಿತ್ತು. ತಿಳಿದರೆ ಅದನ್ನು ಹಂಚಿಕೊಳ್ಳಬಹುದಿತ್ತು.

ಮಗಳು ಹುಟ್ಟಿದಳು. ಮನೆಗೆ ಬಂದ ಮೇಲೆ ಮೊದಲ ಸಲ ಮೀಯಿಸುವಾಗ ಆ ಹೆಂಗಸು ಕಾಲು ನೀಡಿ ಕುಳಿತು ಮಗುವನ್ನು ಮೊಣಕಾಲಿನ ಮೇಲೆ ಕವುಚಿ ಮಲಗಿಸಿಕೊಂಡಳು. ಅಮ್ಮ ಚೆಂಬಿನಲ್ಲಿ ನೀರು ಮೊಗೆದು ಕೊಡಬೇಕಿತ್ತು. ಚೆಂಬು ಹಂಡೆಯ ಅಂಚಿಗೆ ತಾಗಿ ಸದ್ದಾಯಿತು. ಅಮ್ಮ ಅದನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

"ಅಜ್ಜಿಗೆ ಹೊಗೆ ಆಗುದಿಲ್ಲವೋ ಎಂತದೋ" ಎಂದು ಹೆಂಗಸು ಮಗುವಿಗೆ ಹೇಳಿದಳು. ಅಂದು ಹೊಗೆ ಇತ್ತೇ? ನೆನಪಿಲ್ಲ.

ಮರುದಿನ ಅಮ್ಮ ಒಬ್ಬಳೇ ಬಸ್ಸು ಹತ್ತಿ ಪುತ್ತೂರಿಗೆ ಹೋದಳು. ಸಂಜೆ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಳು. ಜುಬ್ಬಾ, ಟೊಪ್ಪಿ, ಲಂಗೋಟಿ, ಸೊಳ್ಳೆಪರದೆ. ಅವುಗಳ ಅಡಿಯಲ್ಲಿ ವರ್ಷದ ಮಗುವಿಗಾಗುವ ಫ್ರಾಕು, ಎರಡು ವರ್ಷದವಳಿಗಾಗುವುದು, ಅಂಗನವಾಡಿಗೆ ಹೋಗುವವಳಿಗಾಗುವಂಥದ್ದೂ ಒಂದು. ಇಷ್ಟು ಬೇಗ ಯಾಕೆಂದು ನಾನು ಕೇಳಲಿಲ್ಲ. ಅವಳು ಮಂಚದ ಮೇಲೆ ಅವನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಹರಡಿ, ಒಂದೊಂದನ್ನೂ ಅಂಗೈಯಿಂದ ನೀವುತ್ತಿದ್ದಳು. ಮಗು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು.

ಆಗ ಕೇಳಿದೆ. ಅವಳ ಕೈ ನಿಂತಿತು, ಮತ್ತೆ ನೀವತೊಡಗಿತು. ಮಗಳು ಈಗ ಆ ಎರಡನೇ ಫ್ರಾಕನ್ನು ತೊಟ್ಟು ಅಂಗಳದಲ್ಲಿ ಓಡುತ್ತಾಳೆ. ಅಮ್ಮ ಇನ್ನೂ ಏನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೆ:

"ಅಮ್ಮಾ, ನಾನು ನಿನಗೆ ಎಷ್ಟನೆಯವಳು?"