ಸಾದಾ ಗಾಜು ಕೇಳಿದ ಶೈಲಜಕ್ಕ

ಗೆಳೆಯರೇ, ಫೋನಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಬರುವುದಿಲ್ಲ.
ಹಾಳೆಯಲ್ಲಿ ಬರೆದು ಫೋಟೋ ಹಾಕುತ್ತಿದ್ದೇನೆ. ಅಕ್ಷರ ಸೊಟ್ಟ, ತಪ್ಪೂ ಇರಬಹುದು... ಕ್ಷಮಿಸಿ.

ನಂಬಲು ಆಗುತ್ತಿಲ್ಲ...
ಶೈಲಜಕ್ಕ ಇಲ್ಲವಂತೆ.
ನಿನ್ನೆ ಅಬುಧಾಬಿಯ ಆಫೀಸಿನಲ್ಲಿ ಕುಸಿದು ಬಿದ್ದರಂತೆ. ಇವತ್ತು ಬೆಳಗ್ಗೆ ಅವರ ಗಂಡ ನಮ್ಮ ಅಂಗಡಿಗೆ ಫೋನ್ ಮಾಡಿದರು.

ಮೈಸೂರಿನವರು. ಇಲ್ಲಿ ಅಲ್ ನಹ್ದಾ ಬಡಾವಣೆಯಲ್ಲಿ ಮನೆ. ರಜೆಯ ದಿನ ಚಿತ್ರಕಲೆ ಮಾಡುತ್ತಿದ್ದರು.
ನಾನು ಇದೇ ಊರಿನ ಮುರಕ್ಕಬಾತ್‌ನಲ್ಲಿ ಫ್ರೇಮ್ ಅಂಗಡಿಯ ಕೆಲಸದವನು.

ಅಕ್ಕಾ...
ನೀವು ಒಂದು ಹಳೆಯ ವ್ಯಂಗ್ಯಚಿತ್ರದ ಪೋಸ್ಟ್‌ಕಾರ್ಡಿನ ದೊಡ್ಡ ಪ್ರಿಂಟ್ ತಂದ ದಿನ ನೆನಪಾಗುತ್ತಿದೆ.
ನಡುವೆ ಒಬ್ಬ ಯಹೂದಿ ಮುದುಕ. ಕೊಕ್ಕಿನಂಥ ಮೂಗು, ಉಗುರು ಬೆಳೆದ ಕೈ.
ಸುತ್ತ ನಿಂತು ನಗುವ ಜನ.
ಅಂಗಡಿ ಮಾಲೀಕರಾದ ನಮ್ಮ ಭಟ್ಕಳದ ಸಾಹೇಬರೂ ನಕ್ಕರು. "ಎಂತ ಮೇಡಂ ಇದು, ಮೂಗಾ ಸೊಂಡಿಲಾ?"

"ನಕ್ರಲ್ಲ ಸಾಹೇಬ್ರೇ... ಜನ ನಗ್ಲಿ ಅಂತ್ಲೇ ಆಗಿನೋರು ಬರ್ದಿದ್ದು ಇದನ್ನ. ಮೊದ್ಲು ನಗಿಸಿದ್ರು. ಆಮೇಲೆ ಹಿಟ್ಲರ್ ಕಾಲದಲ್ಲಿ ಇವ್ರನ್ನೆಲ್ಲ ರೈಲು ಹತ್ತಿಸಿದ್ರು. ಲಕ್ಷಾಂತರ ಜನ ವಾಪಸ್ ಬರ್ಲಿಲ್ಲ."

ಮುಂದಿನ ಸಲ ನೀವು ತಂದಾಗ ಮುದುಕ ಕಾಣಲಿಲ್ಲ.
ಅವನ ಮೇಲೆ ಹಳೆಯ ಕೋಟು ಹೊಲಿದು, ಮೇಣ ಸುರಿದಿದ್ದಿರಿ.
ಜನ ಖಾಲಿ ಕೋಟನ್ನು ನೋಡಿ ನಗುತ್ತಿದ್ದರು...
ಅವರಲ್ಲಿ ಒಬ್ಬನ ಮುಖ ಮಾತ್ರ ಕತ್ತರಿಸಿ ತೆಗೆದು, ಅಲ್ಲಿ ಕಪ್ಪು ಬಟ್ಟೆ.

ಸಾಹೇಬರು ಪ್ರೀತಿಯಿಂದ, ಕೇಳದೆಯೇ, ಪ್ರತಿಬಿಂಬ ಬೀಳದ ನಾನ್-ಗ್ಲೇರ್ ಗಾಜು ಹಾಕಿಸಿದರು. "ಒಂದ್ ಚೂರೂ ಮಿಂಚೂದಿಲ್ಲ, ನೋಡಿ!"
ನೀವು ಗಾಜಿನ ಎದುರು ಬಗ್ಗಿ ನೋಡಿದಿರಿ.
"ಇದ್ರಲ್ಲಿ ನಾನೇ ಕಾಣ್ತಿಲ್ವಲ್ಲೋ ತಮ್ಮಾ... ಸಾದಾ ಗಾಜು ಹಾಕ್ಕೊಡು. ಆ ಕಪ್ಪು ಜಾಗದಲ್ಲಿ ನೋಡೋರ ಮುಖ ಬೀಳ್ಬೇಕು. ಯಾರೂ ತಪ್ಪಿಸ್ಕೋಬಾರ್ದು."

ಬದಲಿಸುವುದರೊಳಗೆ ಹೊರಟೇ ಬಿಟ್ಟಿರಿ.

ಚಿತ್ರ ಇವತ್ತೇ ಅಬುಧಾಬಿಯ ಪ್ರದರ್ಶನಕ್ಕೆ ಹೋಗಬೇಕಿತ್ತು.
ಸಾಹೇಬರು ಕಣ್ಣೊರೆಸಿಕೊಂಡು ಹೇಳಿದರು, "ಹೀಗೇ ಕಳ್ಸು ಮಾರಾಯ. ಸಾದಾ ಗಾಜು ಹಾಕಿದ್ರೆ ಅಂಗಡಿ ಹೆಸ್ರು ಹಾಳು. ಖಲಾಸ್."
ನಾನು ಅವರಿಗೆ ಎದುರು ಮಾತಾಡಿದವನಲ್ಲ.
"ಇಲ್ಲ ಸಾಹೇಬ್ರೇ. ಅಕ್ಕ ಹೇಳಿದ್ ಗಾಜೇ ಹಾಕ್ತೆ" ಎಂದೆ.
ಅವರು ಹೊರಗೆ ಹೋದರು.

ಗಾಜು ಬದಲಿಸಿದೆ.
ಕಳಿಸುವ ಮುನ್ನ ಗಾಜಿಗೆ ಉಸಿರು ಬಿಟ್ಟು ಒರೆಸುವುದು ನಮ್ಮ ಪದ್ಧತಿ.
ಉಸಿರು ಬಿಟ್ಟೆ... ಎಲ್ಲರೂ ಮಂಜಿನಲ್ಲಿ ಮರೆಯಾದರು.
ಒರೆಸುವ ಮೊದಲೇ ಮಂಜು ತಾನಾಗಿ ಕರಗತೊಡಗಿತು.
ಮೊದಲು ನಗುವ ಬಾಯಿಗಳು ಬಂದವು.
ಕೊನೆಗೆ, ಅವುಗಳ ನಡುವಿನ ಕಪ್ಪು ಜಾಗದಲ್ಲಿ, ನನ್ನ ಮುಖ.

ಹೋಗಿ ಬನ್ನಿ ಅಕ್ಕ. ನಿಮ್ಮ ಜೀವ ತಣ್ಣಗಿರಲಿ.
ಮಧ್ಯಾಹ್ನ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ, ನಾನೇ ವ್ಯಾನಿಗೆ ಹತ್ತಿಸಿದೆ.