ಸಂತೇಬೆನ್ನೂರಿನಲ್ಲಿ ಎರಡು ಕೊಡ ಸಮುದ್ರ

ನಾನು ಸಮುದ್ರ ಕಂಡವನಲ್ಲ. ಆದರೂ ಸಂತೇಬೆನ್ನೂರಿನ ನಮ್ಮ ಪಡಸಾಲೆಯಲ್ಲಿ ಎರಡು ಕೊಡದಷ್ಟು ಸಮುದ್ರವನ್ನು ಸಾಕುತ್ತಿದ್ದೇನೆ.

ತಂದವನು ನನ್ನ ಭಾವಮೈದುನ. ಪೆಟ್ರೋಲ್ ಸಿಗದ ಈ ಯುದ್ಧಕಾಲದಲ್ಲಿ ಇದ್ದಿಲ ಗ್ಯಾಸಿನಿಂದ ಓಡುತ್ತ ಮಂಗಳೂರಿಗೆ ಅಡಿಕೆ ಹೊರುವ ಲಾರಿಗೆ ಅವನೇ ಡ್ರೈವರು. ಬೆರಳುದ್ದದ ಎರಡು ಪಟ್ಟೆ ಮೀನುಗಳನ್ನು ಎರಡು ಕೊಡ ಸಮುದ್ರದ ನೀರಿನ ಸಮೇತ ಇಳಿಸಿ, "ಇವನ್ನ ಸಾಕು ಭಾವ, ನಿನ್ನ ಕೈಲಿ ಆಗದ್ದು ಏನೈತೆ?" ಎಂದ. ಹಾಗೆ ಕೇಳಿದರೆ ನಾನು ಇಲ್ಲವೆನ್ನಲಾರೆ. ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ, ನಿಜ. ಆದರೆ ನಾನು ಬೆಸೆದ ಡಬ್ಬಿ ಸೋರಿದ್ದನ್ನು ಈ ತಾಲ್ಲೂಕಿನಲ್ಲಿ ಯಾರೂ ನೋಡಿಲ್ಲ. ಯುದ್ಧದ ದೆಸೆಯಿಂದ ಹೊಸ ತಗಡಿರಲಿಲ್ಲ. ಸೀಮೆಎಣ್ಣೆ ಡಬ್ಬಿ ಕೊಯ್ದು ಚೌಕಟ್ಟು ಮಾಡಿ, ಗಾಜು ಕೂರಿಸಿ, ಸಂದಿಗೆ ರಾಳ ತುಂಬಿ ತೊಟ್ಟಿ ಕಟ್ಟಿದೆ. ಮೀನುಗಳಿಗೆ ಉಸಿರಾಡಲೆಂದು ಬೆಳಿಗ್ಗೆ ಸಂಜೆ ಲೋಟದಲ್ಲಿ ನೀರನ್ನು ಎತ್ತಿ ಎತ್ತಿ ಹುಯ್ದೆ.

ಎದುರುಮನೆಯ ಕಮ್ಮಾರ ಬಂದು ನೋಡಿದ. "ಪಕ್ಕದಾಗೇ ಸೂಳೆಕೆರೆ ತುಂಬ ಮೀನೈತೆ. ಇವ್ಯಾಕೆ? ಹುರಿಯಾಕೆ ಉಪ್ಪು ಉಳೀತದೆ ಅಂತಲಾ?"

ನಾನು ಲೋಟ ಎತ್ತಿ ನೀರು ಹುಯ್ಯುವುದನ್ನು ಮುಂದುವರಿಸಿದೆ.

ಬೇಸಿಗೆ ಬಂತು. ವಾರಕ್ಕೊಂದು ಅಂಗುಲ ಸಮುದ್ರ ಇಳಿಯತೊಡಗಿತು. ಇಳಿದದ್ದು ಸಮುದ್ರವಾದ್ದರಿಂದ ತುಂಬಬೇಕಾದದ್ದೂ ಸಮುದ್ರವೇ ಎಂದು ಲೆಕ್ಕ ಹಾಕಿದೆ. ಬಾವಿನೀರಿಗೆ ಹಿಡಿ ಹಿಡಿ ಹರಳುಪ್ಪು ಕದಡಿ ಹುಯ್ದೆ. ಮೂರನೆಯ ವಾರ ಮೀನುಗಳು ತಳ ಹಿಡಿದು ಬಾಯಿ ತೆರೆಯತೊಡಗಿದವು. ಉಪ್ಪು ಸಾಲದೆಂದು ಇನ್ನೊಂದು ಹಿಡಿ ಹಾಕಿದೆ. ಮರುದಿನ ಒಂದು ಮೀನು ಸತ್ತು ತೇಲಿತು. ನಾನು ಮತ್ತೆ ಉಪ್ಪಿನ ಮಡಕೆಗೆ ಕೈ ಹಾಕಿದಾಗ ಹೆಂಡತಿ ಮಡಕೆಯನ್ನೇ ಎತ್ತಿಕೊಂಡಳು.

"ಸಾಕು ಮಾಡ್ರಿ."

"ಸಮುದ್ರದ ವಿಚಾರ ನಿನಗೇನು ಗೊತ್ತು?"

"ಸಮುದ್ರ ಗೊತ್ತಿಲ್ಲ, ಸಾರು ಗೊತ್ತೈತೆ. ಕುದ್ದು ಕುದ್ದು ಇಂಗಿದ ಸಾರಿಗೆ ಯಾರಾದ್ರೂ ಉಪ್ಪು ಹಾಕ್ತಾರೇನ್ರಿ? ನೀರು ಹಾಕ್ತಾರೆ."

ನಾನು ಬೆರಳದ್ದಿ ನೆಕ್ಕಿದೆ. ಅಂಗಳಕ್ಕೆ ಹೋಗಿ ಉಗುಳಿದೆ. ನನ್ನ ತಗಡಿನ ಅಂಗಡಿಗೆ ನಡೆದು, ನೆಟ್ಟಗೇ ಇದ್ದ ಒಂದು ಕಂದೀಲನ್ನು ಒಂದು ಗಂಟೆ ಬಡಿದೆ. ವಾಪಸು ಬಂದಾಗ ಅವಳು ತೊಟ್ಟಿಯ ಮುಂದೆ ಕೂತು, ಒಂದು ಸೌಟು ಉಪ್ಪುನೀರು ತೆಗೆದು ಒಂದು ಸೌಟು ಸಿಹಿನೀರು ಬಿಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಸೌಟನ್ನು ನನ್ನ ಕೈಗೆ ಕೊಟ್ಟಳು. ಸಂಜೆಗೆ ಉಳಿದ ಮೀನು ತಳ ಬಿಟ್ಟು ಮೇಲಕ್ಕೆ ಬಂತು.

ಈಗ ನೋಡಲು ಬಂದವರಿಗೆಲ್ಲ ವಿವರಿಸುತ್ತೇನೆ: ಆರುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ; ಇದು ನಾನು ಬಹಳ ಯೋಚಿಸಿ ಕಂಡುಕೊಂಡದ್ದು. ಅಷ್ಟರಲ್ಲಿ ಅಡಿಗೆಮನೆಯಿಂದ ಒಂದು ಕೆಮ್ಮು ಕೇಳಿಸುತ್ತದೆ.

"ಮನೆಯಲ್ಲೂ ಸ್ವಲ್ಪ ಸಹಾಯ ಮಾಡಿದರು" ಎಂದು ಸೇರಿಸುತ್ತೇನೆ.

ಎರಡನೆಯ ಕೆಮ್ಮಿಗೆ 'ಸ್ವಲ್ಪ'ವನ್ನು ವಾಪಸು ತೆಗೆದುಕೊಳ್ಳುತ್ತೇನೆ.