ಗಂಗಾಮಣಿಯ ಕಪ್ಪು ತಟ್ಟೆಗಳು

ಆಲೂರಿನ ಆಚೆ, ಗುಡ್ಡದ ಬುಡದ ಕುಂಬಾರರ ಕೇರಿಯಲ್ಲಿ ಗಂಗಾಮಣಿಯ ಬಾಯಿಗೆ ಹೆದರದವರಿರಲಿಲ್ಲ. ಅವಳ ಕೈಚಳಕವೂ ಅಷ್ಟೇ ಜೋರು ಅನ್ನಿ. ಗೋಡೆಗೆ ತೂಗುಹಾಕುವ ಮಣ್ಣಿನ ತಟ್ಟೆಗಳ ಅಂಚಿಗೆ ಅವಳು ಬಳ್ಳಿ ಕೊರೆದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಬಣ್ಣ ಮಾತ್ರ ಒಂದೇ, ಕಪ್ಪು. ಅದು ಹಚ್ಚಿದ ಬಣ್ಣವಲ್ಲ. ಮಡಕೆ ಸುಡುವ ಆವಿಗೆ ಚೆನ್ನಾಗಿ ಉರಿದ ಮೇಲೆ ಕಾಫಿ ಹೊಟ್ಟು, ಹಸಿ ಸೊಪ್ಪು ಸುರಿದು, ಮೇಲೆ ಮಣ್ಣು ಮೆತ್ತಿ ಉಸಿರು ಕಟ್ಟಿಸಬೇಕು. ಒಳಗಿನ ಹೊಗೆ ಕುಡಿದು ತಟ್ಟೆ ಕಪ್ಪಾಗುತ್ತದೆ. ಪೂರ್ತಿ ಆರುವವರೆಗೆ ಆವಿಗೆ ಮುಟ್ಟುವಂತಿಲ್ಲ.

ಅವಳ ಮೈದುನ ಧರ್ಮ ಒಮ್ಮೆ ಕುಡಿಕೆಗಳಿಗೆ ಅಂಗಡಿಯ ಪೇಂಟ್ ಬಳಿದು ಆಲೂರು ಸಂತೆಗೆ ಒಯ್ದಿದ್ದ. ಗಂಗಾಮಣಿ ಜನರೆದುರೇ ಅವನ ಮರ್ಯಾದೆ ತೆಗೆದಳು. ಧರ್ಮ ಎದುರಾಡಲಿಲ್ಲ. ಕುಂಬಾರಿಕೆ ಬಿಟ್ಟು ಹೆತ್ತೂರಿನ ಎಸ್ಟೇಟೊಂದರಲ್ಲಿ ಜೀಪ್ ಓಡಿಸಲು ಹೋದ. ಅಲ್ಲಿನ ಯಜಮಾನಿ ಶೀಲಾ ಹೊಸ ಮನೆಯ ಗೃಹಪ್ರವೇಶಕ್ಕೆ ತಟ್ಟೆ ಬೇಕೆಂದಾಗ ಅತ್ತಿಗೆಯ ಹೆಸರು ಹೇಳಿದವನೂ ಅವನೇ.

ಆ ತಟ್ಟೆಗಳ ಆವಿಗೆ ಮುಚ್ಚಿದ ದಿನವೇ ಬಿಸಿಲೆ ಘಾಟಿಯ ಕಡೆಯಿಂದ ಮೋಡ ಏರಿಬಂತು. ಮಳೆ ಬಿದ್ದರೆ ಬಿಸಿ ತಟ್ಟೆಗಳೆಲ್ಲ ಸೀಳುತ್ತವೆ ಎಂದು ದಿಗಿಲುಬಿದ್ದ ಗಂಗಾಮಣಿ ಆರುವ ಮುಂಚೆಯೇ ಮಣ್ಣು ಕಿತ್ತಳು. ಗಾಳಿ ನುಗ್ಗಿ, ಕಪ್ಪು ಸುಟ್ಟುಹೋಗಿ, ತಟ್ಟೆಗಳ ಮೇಲೆಲ್ಲ ಕೆಂಪು ಮಚ್ಚೆ ಎದ್ದವು. ಹಾಳು ಮಳೆ ಬರಲೂ ಇಲ್ಲ. ಮತ್ತೆ ಮಾಡಲು ಹೊತ್ತಿರಲಿಲ್ಲ, ಕೆಟ್ಟಿತು ಎಂದು ಹೇಳಿ ಕಳಿಸಲು ನಾಲಿಗೆ ಏಳಲಿಲ್ಲ. ಬಾಗಿಲು ಹಾಕಿಕೊಂಡು, ಗಂಡನ ಬೂಟ್ ಪಾಲಿಶ್ ತೆಗೆದು ಉಜ್ಜಿದಳು. ಉಜ್ಜುವಾಗಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಉಜ್ಜಿ, ತಟ್ಟೆಗಳನ್ನು ಎಸ್ಟೇಟಿಗೆ ಕಳಿಸಿಕೊಟ್ಟಳು.

ಗೃಹಪ್ರವೇಶ ಮುಗಿದ ಮೇಲೆ ಒಂದು ದಿನ ಧರ್ಮನ ಜೀಪಿನಲ್ಲಿ ಶೀಲಾ ಬಂದಿಳಿದರು. ಕೈಯಲ್ಲಿ ಒಂದು ತಟ್ಟೆ, ಕಪ್ಪು ಅರ್ಧ ಹೋಗಿ ಮಚ್ಚೆಗಳೆಲ್ಲ ಬಯಲಾಗಿದ್ದವು. ಅವರಿಗೆ ಕೋಪವಿದ್ದದ್ದು ತಮ್ಮ ಮೇಲೇ.

"ಬಿಸಿನೀರು ಸೋಪು ಹಾಕಿ ತೊಳ್ದು ನಾನೇ ಕೆಡಿಸ್ಬುಟ್ಟೆ, ಗಂಗಾಮಣಕ್ಕ. ಬೇಜಾರು ಮಾಡ್ಕೋಬೇಡಿ."

ಗಂಗಾಮಣಿಗೆ ಮುಖ ಎತ್ತಲಾಗಲಿಲ್ಲ. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಧರ್ಮ ತಟ್ಟೆ ಇಸಿದುಕೊಂಡು ಬೆರಳಾಡಿಸಿದ, ಮೂಸಿ ನೋಡಿದ. ಕುಂಬಾರರ ಮನೆಯಲ್ಲಿ ಹುಟ್ಟಿದವನಿಗೆ ತಿಳಿಯದೇ ಇರುತ್ತದೆಯೇ. ಈಗ ಬಾಯಿ ಬಿಡುತ್ತಾನೆ, ನನಗೆ ತಕ್ಕ ಶಾಸ್ತಿ ಎಂದುಕೊಂಡಳು.

"ಈ ಮಣ್ಣೇ ಹಂಗೆ ಅಮ್ಮಾವ್ರೆ, ಸೋಪು ತಡೆಯಲ್ಲ," ಎಂದ ಧರ್ಮ. "ನಾನೇ ಮೊದ್ಲು ಹೇಳ್ಬೇಕಿತ್ತು."

ಅವನು ಬೈದಿದ್ದರೆ ಅವಳು ಜಗಳಕ್ಕೆ ನಿಂತು ಬಚಾವಾಗುತ್ತಿದ್ದಳೋ ಏನೋ. ಈ ಕರುಣೆಯನ್ನು ಮಾತ್ರ ತಡೆಯಲಾಗಲಿಲ್ಲ.

"ಇಲ್ಲ ಅಮ್ಮಾವ್ರೆ, ಅದು ಬೂಟ್ ಪಾಲಿಶು. ಆವಿಗೆ ಕೆಟ್ಟೋಗಿತ್ತು, ನಾನೇ ಹಚ್ಚಿ ಕೊಟ್ಟಿದ್ದೆ."

ಶೀಲಾ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಧರ್ಮನ ಕಡೆ ತಿರುಗಿದರು.

"ಗೊತ್ತಿದ್ದೂ ನನ್ಹತ್ರ ಸುಳ್ಳು ಹೇಳ್ದೇನೋ?"

ತಪ್ಪು ಒಪ್ಪಿಕೊಂಡವಳು ಗಂಗಾಮಣಿ, ಬೈಸಿಕೊಂಡವನು ಈ ಸಲವೂ ಧರ್ಮನೇ.